ಬಿಸಿ ಸಾಂಬಾರು ಮತ್ತು ತೆಳು ಕವರ್

2025ರ ಫೆಬ್ರುವರಿಯಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲುಗಳನ್ನು ತಪಾಸಣೆ ಮಾಡಿದಾಗ, ಇಡ್ಲಿ ತಟ್ಟೆಗೆ ಒದ್ದೆ ಬಟ್ಟೆ ಹಾಸುವ ಬದಲು ಹಲವೆಡೆ ಪ್ಲಾಸ್ಟಿಕ್ ಹಾಳೆ ಹಾಸಿದ್ದು ಕಂಡುಬಂತು. ಅದನ್ನು ಸರ್ಕಾರ ನಿಷೇಧಿಸಿದ್ದು ಸರಿಯೇ. ಆದರೆ ಕುದಿಯುವ ಸಾಂಬಾರನ್ನು ತೆಳು ಕವರಿನಲ್ಲಿ ಕಟ್ಟಿಸಿಕೊಂಡು ಬರುವುದನ್ನು ನಾವು ಅಷ್ಟೇ ಗಂಭೀರವಾಗಿ ನೋಡುತ್ತಿಲ್ಲ.

ಪ್ಲಾಸ್ಟಿಕ್ಕಿನ ಉದ್ದುದ್ದ ಪಾಲಿಮರ್ ಅಣುಗಳ ನಡುವೆ ಬಣ್ಣ, ಮೆದುತನ, ಬಾಳಿಕೆಗಳಿಗಾಗಿ ಬೆರೆಸಿದ ರಾಸಾಯನಿಕಗಳು ಇರುತ್ತವೆ. ಇವುಗಳಲ್ಲಿ ಬಹುಪಾಲು ಆ ಅಣುಗಳಿಗೆ ಬೆಸೆದುಕೊಂಡಿರುವುದಿಲ್ಲವಾದ್ದರಿಂದ, ಬಿಸಿ ತಗುಲಿದಾಗ ಮೆಲ್ಲನೆ ಆಹಾರಕ್ಕೆ ಇಳಿಯುತ್ತವೆ. ಎಣ್ಣೆ ಇದ್ದರೆ, ಹೆಚ್ಚು ಹೊತ್ತು ಬಿಟ್ಟರೆ, ಇನ್ನಷ್ಟು. ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ಥ್ಯಾಲೇಟ್ ಎಂಬ ರಾಸಾಯನಿಕಗಳು, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪಾತ್ರೆಗಳಲ್ಲಿರುವ ಬಿಸ್ಫಿನಾಲ್-ಎ ನಮ್ಮ ಹಾರ್ಮೋನುಗಳ ಕೆಲಸವನ್ನು ಏರುಪೇರು ಮಾಡಬಲ್ಲವು. ಆಹಾರ ಮುಟ್ಟುವ ವಸ್ತುಗಳಲ್ಲಿ ಬಿಸ್ಫಿನಾಲ್-ಎ ಬಳಕೆಯನ್ನು ನಿಷೇಧಿಸಲು ಐರೋಪ್ಯ ಒಕ್ಕೂಟ 2024ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಥರ್ಮೊಕೋಲ್ ತಟ್ಟೆಯ ಮೂಲವಸ್ತುವಾದ ಸ್ಟೈರೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಹೆಚ್ಚೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ವರ್ಗೀಕರಿಸಿದೆ.

ಸಾಂಬಾರಿನ ಕವರು ಸಾಮಾನ್ಯವಾಗಿ ಪಾಲಿಎಥಿಲೀನ್ ಎಂಬ ಬೇರೊಂದು ಪ್ಲಾಸ್ಟಿಕ್ಕಿನದು; ಅದಕ್ಕೆ ಥ್ಯಾಲೇಟ್ ಬೇಕಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ಗುಜರಿ ಪ್ಲಾಸ್ಟಿಕ್ ಕರಗಿಸಿ ಮಾಡಿದ ಕಪ್ಪು ಅಥವಾ ಬಣ್ಣದ ಕವರಿನಲ್ಲಿ ಏನೆಲ್ಲ ಬೆರೆತಿದೆ ಎಂಬುದು ಕೊಡುವವರಿಗೂ ತಿಳಿದಿರುವುದಿಲ್ಲ, ಕೊಳ್ಳುವವರಿಗೂ ತಿಳಿದಿರುವುದಿಲ್ಲ. ಕಾಗದದ ಲೋಟವೂ ಪೂರ್ತಿ ಕಾಗದವಲ್ಲ. ಅದರ ಒಳಮೈಗೆ ಪ್ಲಾಸ್ಟಿಕ್ಕಿನ ತೆಳುಪದರ ಅಂಟಿಸಿರುತ್ತಾರೆ. ಅಂಥ ಲೋಟದಲ್ಲಿ 100 ಮಿ.ಲೀ. ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಸೇರುವುದನ್ನು ಖರಗ್‌ಪುರ ಐಐಟಿಯ ಸಂಶೋಧಕರು 2020ರಲ್ಲಿ ತೋರಿಸಿದರು.

ಪೊಟ್ಟಣವನ್ನು ಇಷ್ಟು ಅಗ್ಗವಾಗಿಸಿದ ತೆಳುತನವೇ ಅದನ್ನು ಪರಿಸರಕ್ಕೂ ಹೊರೆಯಾಗಿಸಿದೆ. ಸಾಂಬಾರು ಮೆತ್ತಿದ ಕವರಿಗೆ ತೂಕವಿಲ್ಲದ ಕಾರಣ ಗುಜರಿಯಲ್ಲಿ ಬೆಲೆಯಿಲ್ಲ, ಆಯುವವರೂ ಇಲ್ಲ. ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳನ್ನು ಒಂದಕ್ಕೊಂದು ಅಂಟಿಸಿದ ಚಿಪ್ಸ್ ಪೊಟ್ಟಣಗಳನ್ನು ಬಿಡಿಸುವುದೇ ಕಷ್ಟವಾದ್ದರಿಂದ ಅವು ಮರುಬಳಕೆಗೆ ಒದಗುವುದು ತೀರಾ ಅಪರೂಪ. ಉಳಿದ ಅನ್ನದ ವಾಸನೆಗೆ ಬೀದಿ ಹಸು ಕವರನ್ನೇ ನುಂಗುತ್ತದೆ. ಅದು ಜೀರ್ಣವಾಗದೆ ಹೊಟ್ಟೆಯಲ್ಲೇ ಗಂಟುಕಟ್ಟುತ್ತದೆ. ಕಸದ ರಾಶಿಗೆ ಬೆಂಕಿ ಹಚ್ಚಿದರಂತೂ, ಅದರಲ್ಲಿ ಪಿವಿಸಿ ಇದ್ದಾಗ, ಡಯಾಕ್ಸಿನ್‌ನಂಥ ಘೋರ ವಿಷ ಗಾಳಿಗೆ ಸೇರುತ್ತದೆ.

ಪ್ಲಾಸ್ಟಿಕ್ ಕೈಚೀಲಗಳಿಗೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧವಿದೆ. ಹಾಗಿದ್ದೂ ಪಾರ್ಸೆಲ್ ಕಟ್ಟುವ ಮೇಜಿನ ಮೇಲೆ ಕವರು ಉಳಿದಿರುವುದು ಅದಕ್ಕಿಂತ ಸುಲಭವಾದ ಬೇರೊಂದು ದಾರಿ ಅಲ್ಲಿಲ್ಲದ್ದರಿಂದ. ಮನೆಯಿಂದ ಸ್ಟೀಲ್ ಕ್ಯಾರಿಯರ್ ತಂದವರಿಗೆ ಪಾರ್ಸೆಲ್ ಶುಲ್ಕ ಬಿಡುವ ಪದ್ಧತಿಯನ್ನು ಹೋಟೆಲುಗಳು ನಾಳೆಯಿಂದಲೇ ಆರಂಭಿಸಬಹುದು.