ಕಬ್ಬು ರೈತನದು, ಅಪ್ಪಣೆ ಯಾರದು?

ಹೋದ ವರ್ಷ ಮದ್ದೂರು ಕಡೆಯ ರೈತರೊಬ್ಬರು ಮಂಡ್ಯದ ನನ್ನ ವಕೀಲಿ ಆಫೀಸಿಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರ ತುಂಬಾ ತೂಕದ ಚೀಟಿ. ಕಬ್ಬು ಕಾರ್ಖಾನೆಗೆ ಹೋಗಿ ಐದು ತಿಂಗಳಾಗಿತ್ತು, ದುಡ್ಡು ಬಂದಿರಲಿಲ್ಲ. ಅದಕ್ಕೂ ಮುಂಚೆ ಕಟಾವಿಗೆ ಪರ್ಮಿಟ್ ಸಿಗದೆ, ಕಬ್ಬು ಸೂಲಂಗಿ (ಹೂವಿನ ತೆನೆ) ಬಂದು ತೂಕ ಇಳಿದಿತ್ತು. 'ನಮ್ ಗದ್ದೆ, ನಮ್ ಕಬ್ಬು. ಬೇರೆ ಕಡೆ ಕೊಡ್ತೀನಿ ಅಂದ್ರೆ ಬೇಡ ಅನ್ನೋಕೆ ಇವ್ರು ಯಾರು ಸಾರ್?' ಅಂತ ಕೇಳಿದರು.

ಸಿಟ್ಟಲ್ಲಿ ಬಂದ ಮಾತಾದರೂ ಉದಾರವಾದದ ತಿರುಳು ಅದರಲ್ಲೇ ಇದೆ. ನಾನು ಬೆಳೆದದ್ದು ನನ್ನದು, ಯಾರಿಗೆ ಮಾರಬೇಕು ಅಂತ ತೀರ್ಮಾನ ಮಾಡುವವನೂ ನಾನೇ. ಸರ್ಕಾರ ಮೋಸ ತಡೀಲಿ, ಒಪ್ಪಂದ ನಡೆಸಿಕೊಡಲಿ, ಅಷ್ಟು ಸಾಕು. 1959ರಲ್ಲಿ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದ್ದು, ಪರ್ಮಿಟ್ ಲೈಸೆನ್ಸ್ ರಾಜ್ಯ ಬೇಡ ಅಂತ ಕೂಗಿ ಹೇಳಿದ್ದು ಇದಕ್ಕೇ.

ನನ್ನ ಕಕ್ಷಿದಾರರಿಗೆ ಅಡ್ಡ ನಿಂತದ್ದು 1966ರ ಕಬ್ಬು ನಿಯಂತ್ರಣ ಆದೇಶ. ಒಂದು ಪ್ರದೇಶದ ಕಬ್ಬನ್ನು ಒಂದು ಕಾರ್ಖಾನೆಗೆ ಮೀಸಲಿಡಲು, ಪರ್ಮಿಟ್ ಇಲ್ಲದೆ ಹೊರಗೆ ಸಾಗಿಸಬೇಡಿ ಅನ್ನಲು ಅದು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ಅದು ಹುಟ್ಟಿದ್ದು 1955ರ ಅಗತ್ಯ ವಸ್ತುಗಳ ಕಾಯ್ದೆಯಿಂದ. ಅದಕ್ಕೂ ಮುಂಚೆ 1946ರ ಕಾಯ್ದೆ ಇತ್ತು, ಅದರ ಹೆಸರಿನಲ್ಲೇ 'ತಾತ್ಕಾಲಿಕ' ಅನ್ನೋ ಪದ ಇತ್ತು. ಇನ್ನೂ ಹಿಂದಕ್ಕೆ ಹೋದರೆ ಎರಡನೇ ಮಹಾಯುದ್ಧದ ಕಾಲದ ಭಾರತ ರಕ್ಷಣಾ ನಿಯಮಗಳು ಸಿಗುತ್ತವೆ. ಬ್ರಿಟಿಷರು ಯುದ್ಧಕ್ಕೆ ಅಂತ ಹಾಕಿದ ಬೇಲಿಯನ್ನು ನಾವು ಗಣರಾಜ್ಯ ಆದಮೇಲೂ ಕೀಳಲಿಲ್ಲ.

ನಮ್ಮಲ್ಲಿ ಮಾತ್ರ ಹೀಗಾಯಿತು ಅಂದುಕೊಳ್ಳಬೇಡಿ. ಘಾನಾದಲ್ಲಿ ಬ್ರಿಟಿಷರು 1947ರಲ್ಲಿ ಕೋಕೋ ಮಾರಾಟ ಮಂಡಳಿ ಮಾಡಿ, ರೈತರು ಬೆಳೆದ ಕೋಕೋ ಅದರ ಮೂಲಕವೇ ಹೊರದೇಶಕ್ಕೆ ಹೋಗಬೇಕು ಅಂದರು. 1957ರಲ್ಲಿ ಸ್ವಾತಂತ್ರ್ಯ ಬಂತು, ಅಲ್ಲಿನ ಮೊದಲ ಪ್ರಧಾನಿ ಎನ್‌ಕ್ರುಮಾ ಆ ಮಂಡಳಿಯನ್ನು ಮುಚ್ಚಲಿಲ್ಲ. ಹೊರಗಿನ ಬೆಲೆಗೂ ರೈತನ ಕೈಗೆ ಬಂದ ಬೆಲೆಗೂ ನಡುವೆ ಉಳಿದ ದುಡ್ಡು ಸರ್ಕಾರದ ಯೋಜನೆಗಳಿಗೆ ಹೋಯಿತು. ಹೊಸ ದೇಶಕ್ಕೆ ರಸ್ತೆ, ಶಾಲೆ, ಅಣೆಕಟ್ಟು ಎಲ್ಲಾ ಬೇಕಿತ್ತು, ನಿಜ. ಕೊಟ್ಟವನನ್ನು ಒಂದು ಮಾತು ಕೇಳಬೇಕಿತ್ತು ಅಲ್ವಾ?

ಹಾಗಂತ ಸರ್ಕಾರ ದೂರವೇ ಇರಲಿ ಅನ್ನೋಕೆ ನನಗೆ ಬಾಯಿ ಬರಲ್ಲ. ದೇವರಾಜ ಅರಸು ಕಾಲದಲ್ಲಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ ಉಳುವವರಿಗೆ ಹಕ್ಕು ಸಿಕ್ಕಿತು. ಅವತ್ತು ಆ ಹಕ್ಕು ಕೇಳಿ ಫಾರಂ 7 ಅನ್ನೋ ಅರ್ಜಿ ಹಾಕಿದವರ ಮಕ್ಕಳು, ಮೊಮ್ಮಕ್ಕಳು ಇವತ್ತು ನನ್ನ ಕಕ್ಷಿದಾರರು. ಒಡೆಯನ ಆಸ್ತಿ ಹಕ್ಕೊಂದನ್ನೇ ನೋಡಿದ್ದರೆ ಇವರಿಗೆ ಗದ್ದೆಯೇ ಇರುತ್ತಿರಲಿಲ್ಲ, 'ನಮ್ ಗದ್ದೆ' ಅನ್ನೋ ಮಾತೂ ಇರುತ್ತಿರಲಿಲ್ಲ. ಆದರೆ 1978ರ 44ನೇ ತಿದ್ದುಪಡಿಯಲ್ಲಿ ಆಸ್ತಿ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಗೆ ಹೋದಾಗ, ದೊಡ್ಡ ಜಮೀನ್ದಾರನ ಜೊತೆಗೆ ಒಂದೂವರೆ ಎಕರೆ ಇಟ್ಟುಕೊಂಡ ಇವರ ಹಕ್ಕೂ ಹೋಯಿತು. ಈಗ 300ಎ ವಿಧಿಯಡಿ ಉಳಿದಿರುವುದು ಸಂವಿಧಾನದ ಹಕ್ಕು, ಮೂಲಭೂತ ಹಕ್ಕಲ್ಲ.

ನನ್ನ ತಕರಾರು ಇರೋದು ಕಟ್ಟು ಯಾರಿಗೆ ಎಷ್ಟು ಬಿಗಿ ಅನ್ನೋದರ ಮೇಲೆ. ಕಾರ್ಖಾನೆಗೂ ಅದೇ 1966ರ ಆದೇಶದಲ್ಲಿ ಕಟ್ಟು ಇದೆ. ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಷ್ಟು ಬಡ್ಡಿ ಕೊಡಬೇಕು, ಕೊಡದಿದ್ದರೆ ಜಿಲ್ಲಾಧಿಕಾರಿ ಭೂಕಂದಾಯದ ಬಾಕಿ ಥರ ವಸೂಲಿ ಮಾಡಬಹುದು. ಓದೋಕೆ ಚೆನ್ನಾಗಿದೆ. ಆದರೆ ರೈತನ ಮೇಲಿನ ಕಟ್ಟು ಲಾರಿ ತಡೆದ ಕೂಡಲೇ ಜಾರಿ ಆಗುತ್ತೆ, ಕಾರ್ಖಾನೆ ಮೇಲಿನದು ಜಾರಿ ಆಗಬೇಕಾದರೆ ರೈತ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕು. 15ನೇ ದಿನಕ್ಕೆ ದುಡ್ಡು ಬರಲಿಲ್ಲ ಅಂದರೆ ಆ ರೈತನ ಕಬ್ಬಿನ ಮೇಲಿರುವ ಮೀಸಲು ತಾನಾಗೇ ಬಿದ್ದುಹೋಗಬೇಕು, ಅವನು ಆಲೆಮನೆಗಾದರೂ ಕೊಡಲಿ, ಪಕ್ಕದ ಕಾರ್ಖಾನೆಗಾದರೂ ಕೊಡಲಿ. ಇದನ್ನು ಕಾನೂನಿನಲ್ಲೇ ಬರೆಯಬೇಕು ಅಂತ ನಾನು ಸಿಕ್ಕಲ್ಲೆಲ್ಲಾ ಹೇಳುತ್ತೇನೆ.

ಅವತ್ತು ಬಡ್ಡಿ ಲೆಕ್ಕ ಹಾಕಿದೆವು. ಮೊದಲ 14 ದಿನ ಕಳೆದು ಉಳಿದ ಸುಮಾರು ನಾಲ್ಕೂವರೆ ತಿಂಗಳಿಗೆ, ಲಕ್ಷ ರೂಪಾಯಿಗೆ ಸುಮಾರು 5,600 ರೂಪಾಯಿ. ಅವರಿಗೆ ಇಂಥ ಬಡ್ಡಿ ಇದೆ ಅನ್ನೋದೇ ಗೊತ್ತಿರಲಿಲ್ಲ. ಅರ್ಜಿಗೆ ಚೀಟಿ ಜೋಡಿಸುವಾಗ ನೋಡಿದರೆ ಮೂರರಲ್ಲಿ ಶಾಯಿ ಮಾಸಿ ತಾರೀಖೇ ಕಾಣಿಸುತ್ತಿರಲಿಲ್ಲ. 14 ದಿನ ಎಣಿಸೋದು ಆ ತಾರೀಖಿನಿಂದ. ಕಬ್ಬು ಇಳಿಸಿದ ದಿನವೇ ಚೀಟಿಯ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ, ಇಲ್ಲ ಮೊಬೈಲಲ್ಲಿ ಫೋಟೋ ತೆಗೆದಿಡಿ.