ಇಂಡೊನೇಷ್ಯಾದ ಗಡಿ ದ್ವೀಪಗಳು: ಪುಟ್ಟ ದ್ವೀಪಕ್ಕೆ ಇಷ್ಟು ಬೆಲೆ ಯಾಕೆ?

ಪರೀಕ್ಷೆಗೆ ಸಮುದ್ರ ಕಾನೂನು ಓದುವವರಿಗೆ 12, 24, 200 ನಾಟಿಕಲ್ ಮೈಲಿಯ ಲೆಕ್ಕ (ಕರಾವಳಿ ದೇಶದ ಪ್ರಾದೇಶಿಕ ಜಲ, ಅದಕ್ಕೆ ತಾಗಿದ ವಲಯ, ಆರ್ಥಿಕ ವಲಯ ಎಲ್ಲಿಯವರೆಗೆ ಎಂಬುದು) ಬಾಯಿಪಾಠ ಆಗಿರುತ್ತದೆ. ಅದನ್ನು ಇಲ್ಲಿ ಮತ್ತೆ ವಿವರಿಸುವುದಿಲ್ಲ. ಮುಂದೆ ಬರೀ ಮೈಲಿ ಎಂದಲ್ಲೂ ನಾಟಿಕಲ್ ಮೈಲಿಯೇ. ಕಷ್ಟ ಶುರುವಾಗುವುದು ಅದನ್ನೆಲ್ಲ ಎಲ್ಲಿಂದ ಅಳೆಯಬೇಕು ಅನ್ನುವಲ್ಲಿ. ನಾನು ಜಾಸ್ತಿ ಹೊತ್ತು ಕೂತದ್ದೂ ಅಲ್ಲೇ. ಹಾಗಾಗಿ ಈ ಟಿಪ್ಪಣಿಯಲ್ಲಿ ಆ ಭಾಗವೇ ಉದ್ದವಾಗಿದೆ.

ಹಿನ್ನೆಲೆ

ಇಂಡೊನೇಷ್ಯಾದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ಆಗ ಅಲ್ಲಿ ಆಳುತ್ತಿದ್ದ ಡಚ್ಚರು 1939ರಲ್ಲಿ ಮಾಡಿದ ಕಾನೂನಿನ ಪ್ರಕಾರ ಪ್ರತಿ ದ್ವೀಪದ ಸುತ್ತ 3 ನಾಟಿಕಲ್ ಮೈಲಿ ನೀರು ಮಾತ್ರ ದೇಶದ್ದು. ಅದರಾಚೆಗಿನ ನೀರು ಯಾರದ್ದೂ ಅಲ್ಲ. ಅಂದರೆ ಜಾವಾಕ್ಕೂ ಬೋರ್ನಿಯೋಗೂ ನಡುವಿನ ಸಮುದ್ರದಲ್ಲಿ ಪರದೇಶದ ಯುದ್ಧನೌಕೆ ಬಂದು ನಿಂತರೂ ಕೇಳುವ ಹಾಗಿರಲಿಲ್ಲ. ಪಶ್ಚಿಮ ಪಪುವಾ ವಿಚಾರದಲ್ಲಿ ಡಚ್ಚರ ಜೊತೆ ಜಗಳ ನಡೆಯುತ್ತಿದ್ದ ಕಾಲ ಅದು. 1957ರ ಡಿಸೆಂಬರ್ 13ರಂದು ಪ್ರಧಾನಿ ಜುವಾಂಡಾ ಒಂದು ಘೋಷಣೆ ಹೊರಡಿಸಿದರು: ಹೊರಗಿನ ದ್ವೀಪಗಳ ತುದಿಗಳನ್ನು ಗೆರೆಯಿಂದ ಜೋಡಿಸಿ, ಒಳಗಿನ ನೆಲ ನೀರು ಎರಡೂ ನಮ್ಮದೇ. 1960ರಲ್ಲಿ ಅದು ಕಾನೂನಾಯಿತು. ಆಗ ದೊಡ್ಡ ದೇಶಗಳು ಒಪ್ಪಲಿಲ್ಲ. ಕೊನೆಗೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಲ್ಲಿ ಇದಕ್ಕೆ ಜಾಗ ಸಿಕ್ಕಿತು. 4ನೇ ಭಾಗ ಪೂರ್ತಿ ದ್ವೀಪಸಮೂಹ ರಾಷ್ಟ್ರಗಳ ಬಗ್ಗೆಯೇ ಇದೆ.

ಗೆರೆಯೊಳಗಿನ ನೀರಿಗೆ ದ್ವೀಪಸಮೂಹ ಜಲ ಎನ್ನುತ್ತಾರೆ. ಅಲ್ಲಿ ದೇಶಕ್ಕೆ ಸಾರ್ವಭೌಮತ್ವ ಇದೆ, ಆದರೆ ಬೇರೆ ದೇಶದ ಹಡಗುಗಳಿಗೆ ಹಾದುಹೋಗುವ ಹಕ್ಕೂ ಇದೆ. 12 ಮೈಲಿ, 200 ಮೈಲಿ ಎಲ್ಲ ಶುರುವಾಗುವುದು ಆ ಗೆರೆಯಿಂದ ಹೊರಕ್ಕೆ.

ಗೆರೆ ಎಳೆಯುವ ನಿಯಮ: ಅದೇ ಒಪ್ಪಂದದ 47ನೇ ವಿಧಿ

ಮನಸ್ಸಿಗೆ ಬಂದ ಹಾಗೆ ಗೆರೆ ಎಳೆಯುವಂತಿಲ್ಲ. ಮುಖ್ಯ ದ್ವೀಪಗಳು ಗೆರೆಯೊಳಗೆ ಇರಬೇಕು. ದ್ವೀಪಸಮೂಹದ ಒಟ್ಟು ಆಕಾರವನ್ನು ಬಿಟ್ಟು ಗೆರೆ ಎಲ್ಲೆಲ್ಲೋ ಹೋಗಬಾರದು. ಇವೆರಡು ಸುಲಭ. ತಲೆ ತಿನ್ನುವುದು ಮುಂದಿನ ಎರಡು ಲೆಕ್ಕಗಳು.

ಮೊದಲನೆಯದು ನೀರು ಮತ್ತು ನೆಲದ ಅನುಪಾತ. ಗೆರೆಯೊಳಗಿನ ನೀರು ನೆಲಕ್ಕೆ ಕನಿಷ್ಠ 1:1 ಇರಬೇಕು, ಹೆಚ್ಚೆಂದರೆ 9:1. ಇದನ್ನು ಅನುಪಾತವಾಗಿ ನೆನಪಿಟ್ಟುಕೊಂಡರೆ ಪರೀಕ್ಷೆಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ತಿರುವುಮುರುವಾಗುತ್ತದೆ. ನಾನು ಶೇಕಡಾವಾರಿಗೆ ಬದಲಾಯಿಸಿಕೊಂಡೆ: ಗೆರೆಯೊಳಗಿನ ಒಟ್ಟು ಪ್ರದೇಶದಲ್ಲಿ ನೆಲ ಶೇ 10ಕ್ಕಿಂತ ಕಡಿಮೆ ಇರಬಾರದು, ಶೇ 50ಕ್ಕಿಂತ ಜಾಸ್ತಿಯೂ ಇರಬಾರದು. ಅಷ್ಟೇ. ನೆಲ 10,000 ಚದರ ಕಿ.ಮೀ. ಇದ್ದರೆ ನೀರು 10,000ದಿಂದ 90,000 ಚದರ ಕಿ.ಮೀ. ಒಳಗೆ ಇರಬೇಕು. ಒಟ್ಟು 20,000ದಿಂದ 1,00,000.

ಎರಡೂ ಕಡೆ ಮಿತಿ ಯಾಕೆ ಬೇಕು? ಶೇ 50ರ ಮಿತಿಯಿಂದ ನೆಲವೇ ಜಾಸ್ತಿ ಇರುವ ಬ್ರಿಟನ್, ನ್ಯೂಜಿಲೆಂಡ್‌ನಂಥ ದೊಡ್ಡ ದ್ವೀಪಗಳ ದೇಶಗಳು ಹೊರಗೆ ಉಳಿಯುತ್ತವೆ. ಶೇ 10ರ ಮಿತಿ ಇರುವುದು ಚಿಕ್ಕಚಿಕ್ಕ ದ್ವೀಪಗಳನ್ನು ಹಿಡಿದು ಅರ್ಧ ಸಾಗರವನ್ನೇ ಸುತ್ತುವರಿಯದ ಹಾಗೆ ತಡೆಯುವುದಕ್ಕೆ. ಕಿರಿಬಾಟಿಯ ಮೂರು ದ್ವೀಪಗುಂಪುಗಳು ಶಾಂತ ಸಾಗರದಲ್ಲಿ ಎಷ್ಟು ದೂರ ದೂರ ಇವೆ ಅಂದರೆ, ಎಲ್ಲವನ್ನೂ ಒಂದೇ ಗೆರೆಯೊಳಗೆ ತರಲು ಆಗುವುದೇ ಇಲ್ಲ. ಇಂಡೊನೇಷ್ಯಾಕ್ಕೆ ಈ ತೊಂದರೆ ಇಲ್ಲ. ಅದರ ಅನುಪಾತ 1ಕ್ಕಿಂತ ಜಾಸ್ತಿ, 2ಕ್ಕಿಂತ ಕಡಿಮೆ.

ಎರಡನೆಯದು ಗೆರೆಯ ಉದ್ದ. ಒಂದೊಂದು ತುಂಡು ಗೆರೆ 100 ನಾಟಿಕಲ್ ಮೈಲಿ ಮೀರಬಾರದು. ಆದರೆ ಒಟ್ಟು ಗೆರೆಗಳಲ್ಲಿ ಶೇ 3ರಷ್ಟು ಗೆರೆಗಳು 125 ಮೈಲಿವರೆಗೆ ಹೋಗಬಹುದು. ಇಲ್ಲಿ ನಿಧಾನವಾಗಿ ಓದಿ. ಶೇ 3 ಎಂದರೆ ಒಟ್ಟು ಉದ್ದದ ಶೇ 3 ಅಲ್ಲ. ಗೆರೆಗಳ ಸಂಖ್ಯೆಯ ಶೇ 3. 200 ತುಂಡು ಗೆರೆ ಇದ್ದರೆ 6 ಗೆರೆಗಳಿಗೆ ವಿನಾಯಿತಿ. 100 ಇದ್ದರೆ 3ಕ್ಕೆ. 30 ಮಾತ್ರ ಇದ್ದರೆ ಲೆಕ್ಕ 0.9ಕ್ಕೆ ಬರುತ್ತದೆ, ಪೂರ್ತಿ ಒಂದು ಗೆರೆಯೂ ಸಿಗುವುದಿಲ್ಲ. ಅಂದರೆ ಗೆರೆಗಳ ಸಂಖ್ಯೆ ಹೆಚ್ಚಿದಷ್ಟೂ ವಿನಾಯಿತಿ ಹೆಚ್ಚು.

ಗಡಿ ದ್ವೀಪದ ಬೆಲೆ ಗೊತ್ತಾಗುವುದು ಇಲ್ಲಿಯೇ. ಒಂದು ದ್ವೀಪ ಗೆರೆಯನ್ನು ಹೊರಕ್ಕೆ ತಳ್ಳುತ್ತದೆ ಎನ್ನುವುದು ಎಲ್ಲ ಪುಸ್ತಕದಲ್ಲೂ ಇದೆ. ಅದಕ್ಕೆ ಇನ್ನೊಂದು ಕೆಲಸವೂ ಇದೆ. ಬೇಲಿಯ ಎರಡು ಕಂಬ ತುಂಬಾ ದೂರ ಇದ್ದರೆ ನಡುವೆ ಇನ್ನೊಂದು ಕಂಬ ನೆಡುತ್ತೇವಲ್ಲ, ಆ ಕೆಲಸ. ಎರಡು ತುದಿಗಳ ನಡುವೆ 140 ಮೈಲಿ ಇದ್ದರೆ ಆ ಗೆರೆ ಕಾನೂನಿಗೆ ಒಪ್ಪುವುದಿಲ್ಲ. ಮಧ್ಯದಲ್ಲಿ ಒಂದು ಪುಟ್ಟ ದ್ವೀಪ ಸಿಕ್ಕಿದರೆ 70, 70 ಆಗುತ್ತದೆ. ಆ ದ್ವೀಪ ಹೋದರೆ ಅದರ ಸುತ್ತಲಿನ ನೀರಷ್ಟೇ ಹೋಗುವುದಿಲ್ಲ, ಪಕ್ಕದ ಎರಡೂ ಗೆರೆಗಳನ್ನು ಮತ್ತೆ ಎಳೆಯಬೇಕಾಗುತ್ತದೆ.

ಇದು ಬರೀ ಕಲ್ಪನೆಯ ಲೆಕ್ಕ ಅಲ್ಲ. ಫಿಲಿಪ್ಪೀನ್ಸ್‌ನ ಹಳೆಯ ಗೆರೆಗಳಲ್ಲಿ ಮೋರೋ ಕೊಲ್ಲಿ ದಾಟುವ ಗೆರೆ 140 ಮೈಲಿ ದಾಟಿತ್ತು. 2009ರಲ್ಲಿ ಹೊಸ ಕಾನೂನು ತಂದು ಅದನ್ನು ಸರಿಮಾಡಿದರು. ಅದೇ ಕಾನೂನಿನಲ್ಲಿ ದಕ್ಷಿಣ ಚೀನಾ ಸಮುದ್ರದ ಕಲಯಾನ್ ದ್ವೀಪಗಳನ್ನೂ ಸ್ಕಾರ್ಬರೋ ದಿಬ್ಬವನ್ನೂ ಮುಖ್ಯ ಗೆರೆಯ ಹೊರಗೆ ಬಿಟ್ಟರು, ಆದರೆ ಹಕ್ಕು ಬಿಡಲಿಲ್ಲ. ದೇಶವನ್ನೇ ಬಿಟ್ಟುಕೊಟ್ಟಿದ್ದಾರೆ ಎಂದು ಕೆಲವರು ಕೋರ್ಟಿಗೆ ಹೋದರು. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಅವುಗಳನ್ನು ಒಳಗೆ ಸೇರಿಸಿದರೆ ಉದ್ದದ ಮಿತಿಯೂ ಮೀರುತ್ತದೆ, ಒಟ್ಟು ಆಕಾರವೂ ಕೆಡುತ್ತದೆ ಎಂದಿತು.

ಇನ್ನೊಂದು ಸಣ್ಣ ನಿಯಮ ಇದೆ, ಮುಂದೆ ಬೇಕಾಗುತ್ತದೆ. ನೀರು ಇಳಿದಾಗ ಮಾತ್ರ ಕಾಣುವ ದಿಬ್ಬವನ್ನು ಗೆರೆಯ ತುದಿ ಮಾಡಬೇಕಾದರೆ ಅದರ ಮೇಲೆ ಯಾವಾಗಲೂ ನೀರಿನ ಮೇಲಿರುವ ಲೈಟ್‌ಹೌಸ್ ಅಥವಾ ಅಂಥ ಕಟ್ಟಡ ಇರಬೇಕು. ಇಲ್ಲವೇ ಅದು ಹತ್ತಿರದ ದ್ವೀಪದಿಂದ 12 ಮೈಲಿಯೊಳಗೆ ಇರಬೇಕು.

ಸಿಪಾಡಾನ್, ಲಿಗಿಟಾನ್

ಬೋರ್ನಿಯೋದ ಈಶಾನ್ಯಕ್ಕೆ, ಸುಲವೇಸಿ ಸಮುದ್ರದಲ್ಲಿರುವ ಎರಡು ಪುಟ್ಟ ದ್ವೀಪಗಳು. ಇಂಡೊನೇಷ್ಯಾಕ್ಕೂ ಮಲೇಷ್ಯಾಕ್ಕೂ ಜಗಳ. ಅಂತರರಾಷ್ಟ್ರೀಯ ನ್ಯಾಯಾಲಯ 2002ರ ಡಿಸೆಂಬರ್ 17ರಂದು 16–1ರಲ್ಲಿ ಮಲೇಷ್ಯಾಕ್ಕೆ ಕೊಟ್ಟಿತು.

ಬಹಳ ನೋಟ್ಸ್‌ಗಳಲ್ಲಿ "ಮಲೇಷ್ಯಾ ಅಲ್ಲಿ ರೆಸಾರ್ಟ್ ಕಟ್ಟಿ ಪ್ರವಾಸೋದ್ಯಮ ಬೆಳೆಸಿತು, ಅದಕ್ಕೇ ಗೆದ್ದಿತು" ಅಂತ ಇರುತ್ತದೆ. ಅದನ್ನು ದಯವಿಟ್ಟು ಬರೆಯಬೇಡಿ. ಜಗಳ ಎದ್ದದ್ದು 1969ರಲ್ಲಿ. ಆಮೇಲೆ ಮಾಡಿದ್ದನ್ನು ನ್ಯಾಯಾಲಯ ಲೆಕ್ಕಕ್ಕೇ ಹಿಡಿಯಲಿಲ್ಲ. ಇಲ್ಲದಿದ್ದರೆ ಜಗಳ ಶುರುವಾದ ಮೇಲೆ ಇಬ್ಬರೂ ಪೈಪೋಟಿಗೆ ಕಟ್ಟಡ ಕಟ್ಟುತ್ತಾರೆ, ಅಲ್ವಾ?

ಹಾಗಾದರೆ ಯಾವುದು ಲೆಕ್ಕಕ್ಕೆ ಬಂತು? ಮೊದಲು ಬಿದ್ದುಹೋದ ವಾದಗಳನ್ನು ನೋಡಿ. 1891ರಲ್ಲಿ ಬ್ರಿಟನ್ ಮತ್ತು ನೆದರ್‌ಲೆಂಡ್ಸ್ 4 ಡಿಗ್ರಿ 10 ನಿಮಿಷ ಉತ್ತರ ಅಕ್ಷಾಂಶದಲ್ಲಿ ಗಡಿ ಹಾಕಿಕೊಂಡಿದ್ದವು. ಆ ಗೆರೆ ಸೆಬಾಟಿಕ್ ದ್ವೀಪವನ್ನು ಎರಡಾಗಿ ಸೀಳುತ್ತದೆ. ಅದು ಸಮುದ್ರದಲ್ಲೂ ಮುಂದುವರಿಯುತ್ತದೆ, ಈ ದ್ವೀಪಗಳು ಗೆರೆಯ ದಕ್ಷಿಣಕ್ಕಿವೆ, ಹಾಗಾಗಿ ನಮ್ಮವು ಎಂದು ಇಂಡೊನೇಷ್ಯಾ ವಾದಿಸಿತು. ಗೆರೆ ಸೆಬಾಟಿಕ್‌ನ ಪೂರ್ವ ದಡಕ್ಕೇ ನಿಲ್ಲುತ್ತದೆ ಎಂದಿತು ನ್ಯಾಯಾಲಯ. ಸುಲು ಸುಲ್ತಾನನಿಂದ ಸ್ಪೇನ್, ಅಮೆರಿಕ, ಬ್ರಿಟನ್ ಮೂಲಕ ನಮಗೆ ಬಂತು ಎಂಬ ಮಲೇಷ್ಯಾದ ವಾದವೂ ಬಿತ್ತು. ಇದನ್ನು ಮರೆಯಬೇಡಿ, ಕಾಗದದ ಮೇಲೆ ಇಬ್ಬರೂ ಗೆದ್ದಿಲ್ಲ.

ಉಳಿದದ್ದು ಒಂದೇ ಪ್ರಶ್ನೆ. ಅಲ್ಲಿ ನಿಜವಾಗಿ ಆಡಳಿತ ನಡೆಸಿದವರು ಯಾರು? ಬ್ರಿಟಿಷ್ ಉತ್ತರ ಬೋರ್ನಿಯೋ (ಈಗ ಮಲೇಷ್ಯಾದ ಸಬಾ) 1917ರಲ್ಲಿ ಆಮೆ ಮೊಟ್ಟೆ ಸಂಗ್ರಹಕ್ಕೆ ಕಾನೂನು ಮಾಡಿತ್ತು, ಪರವಾನಗಿ ಕೊಟ್ಟಿತ್ತು. 1933ರಲ್ಲಿ ಸಿಪಾಡಾನ್ ಅನ್ನು ಪಕ್ಷಿಧಾಮ ಮಾಡಿತ್ತು. 1962ರಲ್ಲಿ ಸಿಪಾಡಾನ್‌ನಲ್ಲಿ, 1963ರಲ್ಲಿ ಲಿಗಿಟಾನ್‌ನಲ್ಲಿ ಲೈಟ್‌ಹೌಸ್ ಕಟ್ಟಿತ್ತು. ಇಂಡೊನೇಷ್ಯಾ ತೋರಿಸಿದ್ದು ಡಚ್ ನೌಕಾಪಡೆಯ ಗಸ್ತು ಮತ್ತು ತನ್ನ ಮೀನುಗಾರರ ಓಡಾಟ. ಮೀನುಗಾರರು ಸರ್ಕಾರದ ಪರವಾಗಿ ಹೋದವರಲ್ಲ, ಹಾಗಾಗಿ ಅದು ಸಾಕ್ಷಿಯಾಗಲಿಲ್ಲ. ಇನ್ನೊಂದು ಸಂಗತಿ ನನ್ನನ್ನು ತುಂಬಾ ಕಾಡಿತು. 1960ರ ಸ್ವಂತ ಕಾನೂನಿನಲ್ಲಿ ಗೆರೆ ಎಳೆಯುವಾಗ ಇಂಡೊನೇಷ್ಯಾ ಈ ಎರಡು ದ್ವೀಪಗಳನ್ನು ತುದಿಗಳಾಗಿ ತೋರಿಸಿರಲೇ ಇಲ್ಲ. ನ್ಯಾಯಾಲಯ ಅದನ್ನೂ ಗಮನಿಸಿತು.

ಇದೇ ತತ್ವದಿಂದ ಇಂಡೊನೇಷ್ಯಾಕ್ಕೆ ಉಳಿದ ದ್ವೀಪ ಮಿಯಾಂಗಸ್. ಫಿಲಿಪ್ಪೀನ್ಸ್‌ನ ಮಿಂಡನಾವೋಗೆ ತೀರಾ ಹತ್ತಿರ. ಹಳೆಯ ಹೆಸರು ಪಾಲ್ಮಾಸ್. 1898ರಲ್ಲಿ ಸ್ಪೇನ್ ಫಿಲಿಪ್ಪೀನ್ಸ್ ಅನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಾಗ ನಕ್ಷೆಯ ಪ್ರಕಾರ ಈ ದ್ವೀಪವೂ ಅದರೊಳಗೆ ಇತ್ತು. 1906ರಲ್ಲಿ ಅಮೆರಿಕದ ಜನರಲ್ ಲಿಯೊನಾರ್ಡ್ ವುಡ್ ಹೋಗಿ ನೋಡಿದರೆ ಅಲ್ಲಿ ಡಚ್ ಬಾವುಟ ಹಾರುತ್ತಿತ್ತು. ಪಂಚಾಯಿತಿಗೆ ಕೂತ ಸ್ವಿಸ್ ನ್ಯಾಯಶಾಸ್ತ್ರಜ್ಞ ಮ್ಯಾಕ್ಸ್ ಹ್ಯೂಬರ್ 1928ರ ಏಪ್ರಿಲ್ 4ರಂದು ತೀರ್ಪು ಕೊಟ್ಟರು. ಸ್ಪೇನ್ ಮೊದಲು ಕಂಡುಹಿಡಿದಿದ್ದರೂ ಸಾಲದು, ಹತ್ತಿರ ಇದ್ದರೂ ಸಾಲದು. ಬಿಡದೆ, ತಕರಾರಿಲ್ಲದೆ ಅಧಿಕಾರ ನಡೆಸಿದ್ದು ಡಚ್ಚರು, ದ್ವೀಪ ಅವರದ್ದೇ. ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿದರೆ ಚೆನ್ನಾಗಿ ನೆನಪಿರುತ್ತದೆ. ಅದೇ ಅಳತೆಗೋಲು 1928ರಲ್ಲಿ ಉಳಿಸಿಕೊಟ್ಟಿತು, 2002ರಲ್ಲಿ ಕಳೆಯಿತು.

ಆಮೇಲೆ ಆದದ್ದು

ಇಂಡೊನೇಷ್ಯಾ 2002ರಲ್ಲೇ ಹೊರಡಿಸಿದ್ದ ಗೆರೆಗಳ ಪಟ್ಟಿಯನ್ನು 2008ರಲ್ಲಿ ತಿದ್ದಬೇಕಾಯಿತು. ಸಿಪಾಡಾನ್, ಲಿಗಿಟಾನ್ ಹೊರಗೆ ಹೋದವು. ಆ ಮೂಲೆಯಲ್ಲಿ ಕರಾಂಗ್ ಉನಾರಾಂಗ್ ಎಂಬ ದಿಬ್ಬವನ್ನು ತುದಿ ಮಾಡಿಕೊಂಡರು. ನೀರಿಳಿದಾಗ ಮಾತ್ರ ಕಾಣುವ ದಿಬ್ಬ ಅದು. ಅಲ್ಲಿ ಇಂಡೊನೇಷ್ಯಾ ಲೈಟ್‌ಹೌಸ್ ಕಟ್ಟಿದ್ದು ಯಾಕೆ ಎಂದು ಈಗ ಗೊತ್ತಾಗುತ್ತದೆ. 2005ರಲ್ಲಿ ಅದೇ ಜಾಗದ ಹತ್ತಿರ ಇಂಡೊನೇಷ್ಯಾ, ಮಲೇಷ್ಯಾ ಎರಡೂ ದೇಶಗಳ ನೌಕೆಗಳು ಒಂದಕ್ಕೊಂದು ತಾಗಿದವು. ಅಂಬಲತ್ ಎಂಬ ಸಮುದ್ರ ಪ್ರದೇಶದ ವಿವಾದದಲ್ಲಿ ಇದೂ ಒಂದು ಘಟನೆ.

2005ರಲ್ಲಿ ಅಧ್ಯಕ್ಷರ ಆದೇಶದಿಂದ 92 ಹೊರತುದಿಯ ಪುಟ್ಟ ದ್ವೀಪಗಳ ಪಟ್ಟಿ ಬಂತು. 2017ರಲ್ಲಿ ಅದು 111 ಆಯಿತು. ಮಿಯಾಂಗಸ್‌ನಲ್ಲಿ 2016ರಲ್ಲಿ ವಿಮಾನ ನಿಲ್ದಾಣ ತೆರೆದರು. ಸಿಂಗಪುರದ ಎದುರಿನ ನಿಪಾ ದ್ವೀಪದ ಕಥೆ ಬೇರೆ. ಮರಳು ತೆಗೆದು ತೆಗೆದು ಅದು ಮುಳುಗುವ ಸ್ಥಿತಿಗೆ ಬಂದಿತ್ತು. ಇಂಡೊನೇಷ್ಯಾ ಸಮುದ್ರ ಮರಳಿನ ರಫ್ತು ನಿಲ್ಲಿಸಿ, ದ್ವೀಪಕ್ಕೆ ಮಣ್ಣು ತುಂಬಿ ಉಳಿಸಿಕೊಂಡಿತು. 2009ರಲ್ಲಿ ಸಿಂಗಪುರದ ಜೊತೆ ಪಶ್ಚಿಮ ಭಾಗದ ಗಡಿ ಒಪ್ಪಂದ ಆಯಿತು.

ಒಂದು ದ್ವೀಪಕ್ಕೆ ಎಷ್ಟು ಸಮುದ್ರ?

ಸುತ್ತ ಯಾರೂ ಇಲ್ಲದ ಒಂಟಿ ದ್ವೀಪಕ್ಕೆ 200 ಮೈಲಿ ಎಂದರೆ 370 ಕಿ.ಮೀ. ತ್ರಿಜ್ಯದ ವೃತ್ತ. ಸುಮಾರು 4,31,000 ಚದರ ಕಿ.ಮೀ. ಇಡೀ ಕರ್ನಾಟಕದ ಎರಡು ಪಟ್ಟಿಗೂ ಜಾಸ್ತಿ. ಅದೇ ಜನ ಬದುಕಲಾಗದ, ಸ್ವಂತ ಆರ್ಥಿಕ ಜೀವನ ಇಲ್ಲದ ಬಂಡೆ ಎಂದಾದರೆ ಸಿಗುವುದು 12 ಮೈಲಿ ಮಾತ್ರ, ಸುಮಾರು 1,550 ಚದರ ಕಿ.ಮೀ. ಆದರೆ ಇಂಡೊನೇಷ್ಯಾದ ಗಡಿ ದ್ವೀಪಗಳಿಗೆ ಪೂರ್ತಿ ವೃತ್ತ ಸಿಗುವುದು ಅಪರೂಪ. ಎದುರಿಗೆ ಇನ್ನೊಂದು ದೇಶ ಇರುತ್ತದೆ. ಆಗ ಮಾತುಕತೆಯಿಂದಲೇ ಗಡಿ. ಫಿಲಿಪ್ಪೀನ್ಸ್ ಜೊತೆ ಹಾಗೆ ಸಹಿ ಬಿದ್ದದ್ದು 2014ರಲ್ಲಿ.

ಭಾರತ ಎಲ್ಲಿ ಬರುತ್ತದೆ?

ಅಂಡಮಾನ್ ನಿಕೋಬಾರ್ ಇದೆಯಲ್ಲ, ನಾವೂ ಹೀಗೆ ಗೆರೆ ಎಳೆಯಬಹುದಾ ಎಂಬ ಪ್ರಶ್ನೆ ಏಳುವುದು ಸಹಜ. ಆಗುವುದಿಲ್ಲ. 46ನೇ ವಿಧಿ ಪ್ರಕಾರ ದೇಶ ಪೂರ್ತಿಯಾಗಿ ದ್ವೀಪಗಳಿಂದಲೇ ಆಗಿರಬೇಕು. ಮುಖ್ಯಭೂಮಿ ಇರುವ ದೇಶಕ್ಕೆ ಈ ಭಾಗ ಅನ್ವಯಿಸುವುದಿಲ್ಲ. ಆದರೆ ನೆರೆಹೊರೆ ಮಾತ್ರ ನಿಜ. ಸುಮಾತ್ರಾದ ಅಚೆಹ್ ಆಚೆಗಿನ ರೋಂಡೋ ದ್ವೀಪಕ್ಕೂ ನಮ್ಮ ಇಂದಿರಾ ಪಾಯಿಂಟ್‌ಗೂ ಸುಮಾರು 160 ಕಿ.ಮೀ. ಅಷ್ಟೇ. ಇಬ್ಬರ 200 ಮೈಲಿಗಳೂ ಒಂದರ ಮೇಲೊಂದು ಬೀಳುತ್ತವೆ. 1974ರಲ್ಲಿ ಎರಡೂ ದೇಶ ಗಡಿ ಒಪ್ಪಂದ ಮಾಡಿಕೊಂಡವು, 1977ರಲ್ಲಿ ಅದನ್ನು ಮುಂದಕ್ಕೆ ಎಳೆದವು. ಇದನ್ನು ಬರೆಯುವಾಗ ಒಂದು ಪದ ಬಿಡಬೇಡಿ: ಅದು ಖಂಡಾವರಣದ ಗಡಿ, ಅಂದರೆ ಸಮುದ್ರದ ತಳದ್ದು. ಮೇಲಿನ ನೀರಿಗೆ, ಅದರ ಮೀನಿಗೆ ಬೇಕಾದ ಆರ್ಥಿಕ ವಲಯದ ಗಡಿ ಬೇರೆಯೇ ವಿಷಯ. ಅದು ಆ ಒಪ್ಪಂದಗಳಲ್ಲಿ ಸೇರಿಲ್ಲ.