ಒಂದೇ ಸಿಕ್ಲಿಡ್ ಇಡೀ ತೊಟ್ಟಿಯನ್ನು ಆಳುತ್ತಿದ್ದರೆ ಏನು ಮಾಡಬೇಕು?

ಪ್ರಶ್ನೆ: ಎರಡು ಅಡಿ ಉದ್ದದ ಅಕ್ವೇರಿಯಂನಲ್ಲಿ ಎಂಟು ತಿಂಗಳಿಂದ ಒಂದು ಕಾನ್ವಿಕ್ಟ್ ಸಿಕ್ಲಿಡ್ ಸಾಕಿದ್ದೇನೆ. ಪಾಪ, ಒಂಟಿಯಾಗಿದೆ ಎನಿಸಿ ಬೇರೆ ಜಾತಿಯ ಮೂರು ಮೀನುಗಳನ್ನು ತಂದು ಬಿಟ್ಟೆ. ಅಂದಿನಿಂದ ಅದು ಅವುಗಳನ್ನು ಬಿಡುವಿಲ್ಲದೆ ಅಟ್ಟುತ್ತಿದೆ, ಒಂದರ ಬಾಲ ಹರಿದಿದೆ. ಕೆಲವು ದಿನ ಕಾದರೆ ಹೊಂದಿಕೊಳ್ಳುತ್ತವೆಯೇ, ಇಲ್ಲವೇ ಇದನ್ನು ಒಂಟಿಯಾಗಿಯೇ ಸಾಕಬೇಕೇ?

ಉತ್ತರ: ದಯವಿಟ್ಟು ಕಾಯಬೇಡಿ. ಬಾಲ ಹರಿದ ಮೀನನ್ನು ಇಂದೇ ಬೇರೆ ಮಾಡಿ. ಎರಡು ಅಡಿಯ ತೊಟ್ಟಿಯಲ್ಲಿ ಬೆಳೆದ ಕಾನ್ವಿಕ್ಟ್ ಒಂದೇ ಇರುವುದು ಸರಿ ಎಂಬುದು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಆದರೆ ಹಾಗೇಕೆ ಎಂಬುದು ತಿಳಿಯದಿದ್ದರೆ ನಾಳೆ ದೊಡ್ಡ ತೊಟ್ಟಿ ತಂದಾಗಲೂ ಇದೇ ಕಥೆ ಮರುಕಳಿಸುವುದರಿಂದ, ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1973ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಪ್ರಾಣಿವರ್ತನೆಯ ವಿಜ್ಞಾನಿ ನಿಕೊ ಟಿನ್‌ಬರ್ಗನ್ ಅವರು ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಮೇಲೆ ಮಾಡಿದ ಒಂದು ಸರಳ ಪ್ರಯೋಗವಿದೆ. ಒಂದೇ ತೊಟ್ಟಿಯ ಎರಡು ಬದಿಗಳಲ್ಲಿ ಗೂಡು ಕಟ್ಟಿಕೊಂಡಿದ್ದ ಎರಡು ಗಂಡುಗಳನ್ನು ಅವರು ಒಂದೊಂದು ಗಾಜಿನ ನಳಿಕೆಯೊಳಗೆ ಸೇರಿಸಿ, ಎರಡೂ ನಳಿಕೆಗಳನ್ನು ಒಟ್ಟಿಗೆ ಮೊದಲನೆಯದರ ಗೂಡಿನ ಬಳಿ ಇಟ್ಟಾಗ ಮೊದಲನೆಯದು ಗಾಜಿನ ಆಚೆಗೇ ಏರಿಹೋಗಲು ನೋಡಿತು, ಎರಡನೆಯದು ತಪ್ಪಿಸಿಕೊಳ್ಳಲು ಒದ್ದಾಡಿತು. ಅದೇ ನಳಿಕೆಗಳನ್ನು ಎರಡನೆಯದರ ಗೂಡಿನ ಬಳಿಗೆ ಸರಿಸಿದ ಕೂಡಲೇ ಪಾತ್ರಗಳು ಅದಲುಬದಲಾದವು. ಮೀನುಗಳು ಅವೇ, ದೇಹಬಲವೂ ಅದೇ, ಬದಲಾದದ್ದು ಜಾಗ ಮಾತ್ರ. ನಮ್ಮಲ್ಲಿ ಸ್ಥಾನಬಲ ಎನ್ನುತ್ತೇವಲ್ಲ, ಆ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ನಿಮ್ಮ ತೊಟ್ಟಿಯಲ್ಲಿ ಆಗಿರುವುದೂ ಇದೇ. ಎಂಟು ತಿಂಗಳು ಅಲ್ಲಿನ ಪ್ರತಿ ಕಲ್ಲನ್ನೂ ಪ್ರತಿ ಮೂಲೆಯನ್ನೂ ತನ್ನದಾಗಿಸಿಕೊಂಡ ಮೀನಿನ ಮನೆಯೊಳಗೆ ಮೂವರು ಅಪರಿಚಿತರು ಒಮ್ಮೆಲೇ ಬಂದಿಳಿದಿದ್ದಾರೆ. ಕಾನ್ವಿಕ್ಟ್ ಸಿಕ್ಲಿಡ್ ಮಧ್ಯ ಅಮೆರಿಕದ ತೊರೆ ಮತ್ತು ಸರೋವರಗಳ ಮೀನು. ಕಲ್ಲುಗಳ ನಡುವಿನ ಪೊಟರೆಯಲ್ಲಿ ಮೊಟ್ಟೆಯಿಟ್ಟು, ಗಂಡು ಹೆಣ್ಣು ಎರಡೂ ಸೇರಿ ಮರಿಗಳನ್ನು ಕಾಯುವ ಜಾತಿ ಅದು. ಅದಕ್ಕೆ ಜಾಗವೆಂದರೆ ಸಂಸಾರ. ತೊರೆಯಲ್ಲಾದರೆ ಅಟ್ಟಿಸಿಕೊಂಡ ಮೀನು ಗಡಿ ದಾಟಿ ಓಡುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ತೊಟ್ಟಿಯಲ್ಲಿ ಗಡಿಯ ಆಚೆ ಗಾಜಿದೆ. ಸೋತ ಮೀನು ಸೋಲೊಪ್ಪಿಕೊಂಡು ಹೊರಟುಹೋಗಲು ಸಾಧ್ಯವೇ ಇಲ್ಲದಿರುವುದರಿಂದ, ಇನ್ನೂ ಕಣ್ಣೆದುರಿಗೇ ಇರುವ ಅದನ್ನು ಯಜಮಾನ ಮೀನು ಮತ್ತೆ ಮತ್ತೆ ಅಟ್ಟುತ್ತದೆ. ನಿಮ್ಮ ಮೀನು ಕ್ರೂರಿಯಲ್ಲ. ಓಡಲು ದಾರಿಯಿಲ್ಲದ ಜಾಗದಲ್ಲಿ ಅದರ ಸಹಜ ಸ್ವಭಾವವೇ ಕ್ರೌರ್ಯವಾಗಿ ಕಾಣುತ್ತಿದೆ.

ಆದ್ದರಿಂದ ದೊಡ್ಡ ತೊಟ್ಟಿಯ ಯೋಚನೆ ಮಾಡುವಾಗ ಲೀಟರ್ ಲೆಕ್ಕಕ್ಕಿಂತ ತಳದ ಅಳತೆಯನ್ನು ನೋಡಬೇಕು. 60 ಸೆಂಟಿಮೀಟರ್ ಉದ್ದ, 30 ಅಗಲ, 60 ಎತ್ತರದ ತೊಟ್ಟಿಯಲ್ಲೂ 120 ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲೂ ಹಿಡಿಯುವ ನೀರು 108 ಲೀಟರೇ. ಆದರೆ ತಳದಲ್ಲಿ ನೆಲೆ ಹೂಡುವ ಮೀನಿಗೆ ಎರಡನೆಯದರಲ್ಲಿ ಸಿಗುವ ನೆಲ ಮೊದಲನೆಯದರ ಎರಡರಷ್ಟು. ಅಂದವಾಗಿ ಕಾಣುತ್ತದೆಂದು ಎತ್ತರದ ತೊಟ್ಟಿ ಕೊಂಡು ಅದರಲ್ಲಿ ಸಿಕ್ಲಿಡ್ ಬಿಡುವುದು ನನ್ನ ದೃಷ್ಟಿಯಲ್ಲಿ ಆರಂಭದಲ್ಲೇ ಮಾಡುವ ತಪ್ಪು. ಕಾನ್ವಿಕ್ಟ್ ಜೊತೆ ಬೇರೆ ಮೀನುಗಳೂ ಇರಬೇಕೆಂದರೆ 120 ಸೆಂಟಿಮೀಟರ್ ಉದ್ದ, 45 ಅಗಲಕ್ಕಿಂತ ಕಡಿಮೆಯದನ್ನು ನಾನು ಸೂಚಿಸುವುದಿಲ್ಲ.

ಜಾಗ ದೊಡ್ಡದಾದರೆ ಸಾಲದು, ಅದು ಒಡೆದಿರಬೇಕು. ಬರಿದಾದ ಉದ್ದನೆಯ ತೊಟ್ಟಿಯಲ್ಲಿ ಒಂದು ತುದಿಯ ಮೀನಿಗೆ ಇನ್ನೊಂದು ತುದಿ ಕಾಣುತ್ತದೆ, ಕಂಡದ್ದೆಲ್ಲ ತನ್ನದೆಂದು ಅದು ಎಣಿಸುತ್ತದೆ. ಕಲ್ಲು, ಮರದ ಬೇರು, ಮಗುಚಿದ ಮಣ್ಣಿನ ಕುಂಡಗಳನ್ನು ಮೀನು ಕುಳಿತಲ್ಲಿಂದ ನೋಟ ಅಡ್ಡಗಟ್ಟುವಷ್ಟು ಎತ್ತರಕ್ಕೆ, ಎರಡು ಮೂರು ಕಡೆ ಗುಂಪಾಗಿ ಜೋಡಿಸಿ. ಮೀನುಗಳಿಗಿಂತ ಪೊಟರೆಗಳ ಸಂಖ್ಯೆ ಹೆಚ್ಚಿರಲಿ, ಪ್ರತಿ ಪೊಟರೆಗೂ ಎರಡು ಬಾಯಿಗಳಿರಲಿ. ಒಂದೇ ಬಾಯಿಯ ಪೊಟರೆ ಓಡಿಬಂದ ಮೀನಿಗೆ ಆಸರೆಯಲ್ಲ, ಬಲೆ. ಕಾನ್ವಿಕ್ಟ್ ತಳದ ಜಲ್ಲಿಯನ್ನು ಬಾಯಿಂದ ಅಗೆಯುತ್ತದೆಯಾದ್ದರಿಂದ ಭಾರದ ಕಲ್ಲುಗಳನ್ನು ಜಲ್ಲಿಯ ಮೇಲಲ್ಲ, ನೇರವಾಗಿ ತಳದ ಮೇಲೆ ಕೂರಿಸಬೇಕು. ಇಲ್ಲವಾದರೆ ಒಂದು ದಿನ ಕಲ್ಲು ಉರುಳಿ ಮೀನಿನ ಮೇಲೆ ಬೀಳಬಹುದು, ಗಾಜೂ ಒಡೆಯಬಹುದು.

ಹೊಸ ಮೀನು ಬಿಡುವ ದಿನ ಟಿನ್‌ಬರ್ಗನ್‌ರ ನಳಿಕೆಯ ಪಾಠವನ್ನು ನೆನಪಿಸಿಕೊಳ್ಳಿ. ಹಳೆಯ ಮೀನನ್ನು ತೆಗೆದು ಬೇರೆ ಪಾತ್ರೆಯಲ್ಲಿಟ್ಟು, ತೊಟ್ಟಿಯ ಜೋಡಣೆಯನ್ನು ಪೂರ್ತಿ ಬದಲಿಸಿ, ಹೊಸಬರನ್ನು ಮೊದಲು ಬಿಟ್ಟು ಕೆಲವು ದಿನ ನೆಲೆಗೊಳ್ಳಲು ಕೊಡಿ. ಆಮೇಲೆ ದೀಪ ಆರಿಸಿದ ನಂತರ ಹಳೆಯದನ್ನು ಒಳಗೆ ಬಿಟ್ಟರೆ ಈಗ ಅದೇ ಹೊಸಬ. ಅದು ಆ ದಿನಗಳನ್ನು ಕಳೆಯುವ ಪಾತ್ರೆಯಲ್ಲೂ ಹೀಟರ್ ಬೇಕು, ಹಳೆಯ ಫಿಲ್ಟರಿನ ಸ್ಪಂಜಿನ ಒಂದು ತುಂಡು ಬೇಕು. ಮೀನಿನ ವಿಸರ್ಜನೆಯಿಂದ ಬರುವ ಅಮೋನಿಯಾವನ್ನು ನಿರಪಾಯಗೊಳಿಸುವ ಬ್ಯಾಕ್ಟೀರಿಯಾಗಳು ಆ ಸ್ಪಂಜಿನಲ್ಲೇ ಇರುತ್ತವೆ. ಹೊಸ ಫಿಲ್ಟರಿನಲ್ಲಿ ಅವು ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ತೊಟ್ಟಿಯನ್ನು ಕಿಕ್ಕಿರಿಯುವಂತೆ ತುಂಬಿದರೆ ಜಗಳ ಹಂಚಿಹೋಗುತ್ತದೆ ಎಂಬ ಸಲಹೆಯೂ ನಿಮ್ಮ ಕಿವಿಗೆ ಬಿದ್ದಿರಬಹುದು. ಆಫ್ರಿಕದ ಮಲಾವಿ ಸರೋವರದ ಎಂಬೂನಾ ಸಿಕ್ಲಿಡ್‌ಗಳನ್ನು ಅನುಭವಿಗಳು ಹಾಗೆ ಸಾಕುವುದುಂಟು, ಅದೂ ದೊಡ್ಡ ತೊಟ್ಟಿ, ಬಲವಾದ ಫಿಲ್ಟರ್ ಮತ್ತು ತಪ್ಪದ ನೀರು ಬದಲಾವಣೆಯ ಬೆಂಬಲದಿಂದ. ಅದನ್ನು ಎರಡು ಅಡಿಯ ಕಾನ್ವಿಕ್ಟ್ ತೊಟ್ಟಿಗೆ ಅನ್ವಯಿಸಿದರೆ ನೀರು ಕೆಡುತ್ತದೆ, ಕಚ್ಚಾಟವೂ ನಿಲ್ಲುವುದಿಲ್ಲ.

ಜೊತೆಗಾರರ ಆಯ್ಕೆಯಲ್ಲಿ ಒಂದು ಸೂತ್ರ ಸಾಕು: ಆಕಾರ, ಬಣ್ಣ, ವಾಸದ ಮಟ್ಟ ಮೂರರಲ್ಲೂ ನಿಮ್ಮ ಮೀನನ್ನು ಹೋಲದವು ಕ್ಷೇಮ. ನೀರಿನ ಮೇಲ್ಭಾಗದಲ್ಲಿ ಗುಂಪಾಗಿ ವೇಗವಾಗಿ ಈಜುವ ಜಯಂಟ್ ಡೇನಿಯೋಗಳು ಒಗ್ಗಬಲ್ಲವು. ಉದ್ದನೆಯ ರೆಕ್ಕೆಗಳ ಏಂಜಲ್, ನಿಧಾನ ಸ್ವಭಾವದ ಗೋಲ್ಡ್‌ಫಿಶ್ ಖಂಡಿತ ಬೇಡ. ಸಂಗಾತಿ ಬೇಕೆಂದು ಇನ್ನೊಂದು ಕಾನ್ವಿಕ್ಟ್ ತರುವ ಮುನ್ನವೂ ಎರಡು ಸಲ ಯೋಚಿಸಿ. ಜೋಡಿ ಕೂಡಿದರೆ ಮೊಟ್ಟೆಯಿಡುವುದು ನಿಶ್ಚಿತ, ಮರಿಗಳು ನೂರರ ಲೆಕ್ಕದಲ್ಲಿ ಬರಬಹುದು, ಮರಿ ಕಾಯುವ ಜೋಡಿಯಂತೂ ಒಂಟಿ ಮೀನಿಗಿಂತ ಎಷ್ಟೋ ಪಾಲು ಉಗ್ರ. ಇಲ್ಲಿ ಹೊಟ್ಟೆಯ ಬದಿಯಲ್ಲಿ ಕಿತ್ತಳೆ ಹೊಳಪಿರುವುದು ಹೆಣ್ಣಿಗೆ, ಗಂಡಿಗಲ್ಲ. ಅಂಗಡಿಯಲ್ಲಿ ಅನೇಕರು ಎಡವುವುದು ಇಲ್ಲೇ.

ಇನ್ನು ಬಾಲ ಹರಿದ ಮೀನಿನ ವಿಷಯ. ರೆಕ್ಕೆಯ ಬುಡ ಉಳಿದಿದ್ದರೆ ಶುದ್ಧ ನೀರಿನಲ್ಲಿ ಅದು ಮತ್ತೆ ಬೆಳೆಯುತ್ತದೆ. ಗಾಯದ ಮೇಲೆ ಹತ್ತಿಯಂತಹ ಬಿಳಿ ಪದರ ಕಂಡರೆ ಮಾತ್ರ ಶಿಲೀಂಧ್ರಕ್ಕೆ ಔಷಧ ಬೇಕು. ಉಳಿದ ಎರಡನ್ನೂ ಗಮನಿಸಿ. ಗಾಯವಿಲ್ಲದಿದ್ದರೂ ರೆಕ್ಕೆ ಮುದುಡಿಕೊಂಡು, ಬಣ್ಣ ಕಳೆದುಕೊಂಡು, ನೀರಿನ ಮೇಲ್ಮೂಲೆಯಲ್ಲೋ ಹೀಟರಿನ ಹಿಂದೆಯೋ ನಿಂತು ಆಹಾರಕ್ಕೂ ಬಾರದ ಮೀನು ಭಯದಲ್ಲೇ ಸಾಯಬಹುದು. ನಾನೂ ಒಮ್ಮೆ ಗಾಯ ಕಾಣುತ್ತಿಲ್ಲವೆಂಬ ಸಮಾಧಾನದಲ್ಲಿ ಅಂತಹ ಒಂದು ಮೀನನ್ನು ಕಳೆದುಕೊಂಡೆ, ಅದು ಇಂದಿಗೂ ಮನಸ್ಸಿನಲ್ಲಿದೆ. ತಕ್ಷಣಕ್ಕೆ ಬೇರೆ ತೊಟ್ಟಿ ಇಲ್ಲದಿದ್ದರೆ ನೀರು ಹರಿಯುವಂತಹ ಜಾಲರಿಯ ಅಡ್ಡಗೋಡೆಯಿಂದ ತೊಟ್ಟಿಯನ್ನು ಎರಡು ಮಾಡಿ, ಅದನ್ನು ಕೆಲವು ದಿನಗಳ ಏರ್ಪಾಡೆಂದೇ ತಿಳಿಯಿರಿ.

ಆ ಮೂರನ್ನು ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ಸಾಕಬಲ್ಲವರಿಗೆ ಕೊಡಿ. ಕಾನ್ವಿಕ್ಟ್ ಅನ್ನೇ ಬಿಟ್ಟುಕೊಡಲು ನಿರ್ಧರಿಸಿದರೂ ಹಾಗೆಯೇ ಮಾಡಿ. ಕೆರೆಗೋ ಹೊಳೆಗೋ ಮಾತ್ರ ಬಿಡಬೇಡಿ. ಹಾಗೆ ಹೊರಬಿದ್ದ ಕಾನ್ವಿಕ್ಟ್‌ಗಳು ಆಸ್ಟ್ರೇಲಿಯಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನದ ಕೆಲವು ಬೆಚ್ಚನೆಯ ನೀರಿನ ತಾಣಗಳಲ್ಲಿ ಬೇರೂರಿವೆ, ಮತ್ತು ಅಲ್ಲಿನ ಮೂಲ ಮೀನುಗಳಿಗೆ ಜಾಗ ಬದಲಿಸಿ ಬಿಡಿಸುವವರು ಯಾರೂ ಇಲ್ಲ.